ಮನವಿ ಪ್ರಬಂಧದ ಗುಣ-ದೋಷ: ನಮ್ಮ ಮೂರು ಪ್ರಬಂಧಗಳ ಪರೀಕ್ಷೆ



ಬರುವ ವಾರ ನಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಇದೆ. ನಮ್ಮ ಶಾಲೆಯಿಂದ ಒಂದೇ ಒಂದು ಮನವಿ ಓದಲು ಅವಕಾಶ. ಅದಕ್ಕಾಗಿ ಕನ್ನಡ ಮೇಡಂ ಎಂಟನೇ ತರಗತಿಯವರಿಂದ ‘ನಮ್ಮ ಶಾಲೆಗೆ ಮೊದಲು ಏನಾಗಬೇಕು?’ ಎಂಬ ಪ್ರಬಂಧ ಬರೆಸಿದರು. ಕೊನೆಗೆ ಮೂರು ಉಳಿದವು. ಅದರಲ್ಲಿ ನನ್ನದೂ ಒಂದು. “ಯಾವುದು ಚೆಂದ ಅಂತ ನೋಡಬೇಡಿ. ಯಾವುದನ್ನು ಕೇಳಿದರೆ ಅಧ್ಯಕ್ಷರು ಕೆಲಸ ಮಾಡಿಸುತ್ತಾರೆ, ಅದನ್ನು ನೋಡಿ” ಅಂದರು ಮೇಡಂ. ನಾವು ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮನವಿ ಪ್ರಬಂಧ ಎಂದರೇನು?

ಹಸುವಿನ ಬಗ್ಗೆ ಬರೆದರೆ ಅದು ವರ್ಣನೆ. ‘ಹಸುವಿಗೆ ಕೊಟ್ಟಿಗೆ ಕಟ್ಟಿಸಿಕೊಡಿ’ ಎಂದು ಬರೆದರೆ ಅದು ಮನವಿ. ಇದಕ್ಕೆ ಐದು ಅಂಗಗಳು ಬೇಕು. ತೊಂದರೆ ಏನು? ಅದಕ್ಕೆ ಸಾಕ್ಷಿ ಏನು? ಪರಿಹಾರ ಏನು? ಯಾರು, ಎಷ್ಟು ಖರ್ಚಿನಲ್ಲಿ ಮಾಡಬೇಕು? ಕೇಳಿಸಿಕೊಂಡವರು ‘ಆಗಲ್ಲ’ ಅಂದರೆ ನಮ್ಮ ಉತ್ತರ ಏನು?

ಐದನೆಯದು ಬಹಳ ಮುಖ್ಯ. ಸಮಾಜ ಮೇಷ್ಟ್ರು ಒಂದು ಉದಾಹರಣೆ ಹೇಳಿದರು. ಸರ್ ಎಂ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟಬೇಕೆಂದಾಗ ಖರ್ಚು ಹೆಚ್ಚು ಎಂಬ ವಿರೋಧ ಬಂತು. ಅವರು ಗದ್ದೆಗೆ ನೀರು ಸಿಗುತ್ತದೆ ಎಂದಷ್ಟೇ ಹೇಳಲಿಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಿಂದಲೇ ವಿದ್ಯುತ್ ಹೋಗುತ್ತಿತ್ತು. ಅಣೆಕಟ್ಟಾದರೆ ಬೇಸಿಗೆಯಲ್ಲೂ ನೀರು ಇರುತ್ತದೆ, ವಿದ್ಯುತ್ತಿನಿಂದ ಆದಾಯವೂ ಬರುತ್ತದೆ ಎಂದು ತೋರಿಸಿದರು. 1911ರಲ್ಲಿ ಕೆಲಸ ಶುರುವಾಯಿತು. ಖರ್ಚಿನ ಪ್ರಶ್ನೆಗೆ ಆದಾಯದ ಉತ್ತರ, ನೋಡಿ!

ಮೊದಲನೇ ಪ್ರಬಂಧ: ಕಾಂಪೌಂಡ್ ಗೋಡೆ

ಗುಣ: ಆರಂಭ ತುಂಬಾ ಚೆನ್ನಾಗಿದೆ. ನಾವು ನೆಟ್ಟ ಬದನೆ ಗಿಡಗಳನ್ನು ದನ ನುಗ್ಗಿ ತಿಂದದ್ದನ್ನು ಓದುವಾಗ ಎಲ್ಲರಿಗೂ ಹೊಟ್ಟೆ ಉರಿಯಿತು. ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದಾನೆ.

ದೋಷ: ಎರಡನೇ ಪುಟದಲ್ಲಿ ಬರೀ ಬೈಗುಳ. ‘ಅಧಿಕಾರಿಗಳು ಕಣ್ಣು ಮುಚ್ಚಿ ಕೂತಿದ್ದಾರೆ’ ಎಂದು ಬರೆದಿದ್ದಾನೆ. ಯಾರಿಂದ ಸಹಾಯ ಬೇಕೋ ಅವರನ್ನೇ ಬೈದರೆ ಅವರು ಯಾಕೆ ಕೇಳಿಯಾರು? ಗೋಡೆ ಎಷ್ಟು ಉದ್ದ, ಎಷ್ಟು ಖರ್ಚು ಎಂಬುದೂ ಇಲ್ಲ.

ಎರಡನೇ ಪ್ರಬಂಧ: ಗ್ರಂಥಾಲಯ (ನನ್ನದು)

ಗುಣ: ಕಾನೂನಿನ ಆಧಾರ ಕೊಟ್ಟಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ, ಕಥೆ ಪುಸ್ತಕ ಇರಬೇಕು ಎಂದು ಅದರಲ್ಲಿದೆ. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ದೋಷ: ‘ನಮ್ಮೂರಿನ ಎಲ್ಲಾ ಮಕ್ಕಳೂ ಪುಸ್ತಕಕ್ಕಾಗಿ ಹಗಲಿರುಳು ಹಂಬಲಿಸುತ್ತಿದ್ದಾರೆ’ ಎಂದು ಬರೆದುಬಿಟ್ಟಿದ್ದೆ. ಹಿಂದಿನ ಬೆಂಚಿನವನು ಎದ್ದು ನಿಂತು “ನನ್ನನ್ನ ಯಾವಾಗ ಕೇಳ್ದೆ?” ಅಂದ. ತರಗತಿಯೆಲ್ಲಾ ನಕ್ಕಿತು. ಅದಕ್ಕಿಂತ ದೊಡ್ಡ ದೋಷ ಆಮೇಲೆ ಗೊತ್ತಾಯಿತು. ಆಫೀಸ್ ರೂಮಿನ ಬೀರುವಿನಲ್ಲಿ ಎರಡು ಟ್ರಂಕಿನಷ್ಟು ಕಥೆ ಪುಸ್ತಕ ಇವೆಯಂತೆ! ಇರುವುದನ್ನು ಕೇಳಿ ತಿಳಿಯದೆ ಇಲ್ಲ ಅಂತ ಬರೆದಿದ್ದೆ. ಸಭೆಯಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ಶಾಲೆಯ ಮರ್ಯಾದೆ ಹೋಗುತ್ತಿತ್ತು.

ಮೂರನೇ ಪ್ರಬಂಧ: ಹುಡುಗಿಯರ ಶೌಚಾಲಯಕ್ಕೆ ನೀರು

ಗುಣ: ಒಂದೇ ಪುಟ. ಬರೆದವಳು ಐದು ದಿನ ಬಾಗಿಲ ಹತ್ತಿರ ಕೂತು ಎಣಿಸಿದ್ದಾಳೆ. ಊಟದ ಬಿಡುವಿನಲ್ಲಿ ಮನೆಗೆ ಹೋದ ಹುಡುಗಿಯರು 19, ವಾಪಸು ಬಂದವರು 12. ಕೊಠಡಿ ಇದೆ, ಟ್ಯಾಂಕೂ ಇದೆ, ನಡುವೆ ಪೈಪ್ ಇಲ್ಲ. ನಲ್ಲಿ ಕೆಲಸದವರನ್ನು ಕೇಳಿ ಪೈಪು, ಎರಡು ನಲ್ಲಿ, ಕೂಲಿ ಸೇರಿ 3,200 ರೂಪಾಯಿ ಎಂದು ಬರೆದಿದ್ದಾಳೆ.

ದೋಷ: ಆರಂಭ ಸಪ್ಪೆ. ‘ನೀರು ಸಾಲದು’ ಎಂದರೆ ಏನು ಉತ್ತರ ಎಂಬುದಿಲ್ಲ. ಇನ್ನೊಂದು, ಹುಡುಗಿಯರು ‘ಕೆಲವು ಕಾರಣಗಳಿಂದ’ ಮನೆಗೆ ಹೋಗುತ್ತಾರೆ ಎಂದಷ್ಟೇ ಇತ್ತು. “ಯಾವ ಕಾರಣ?” ಅಂತ ನಾನೇ ಕೇಳಿದೆ. ಅವಳು ತಲೆ ತಗ್ಗಿಸಿದಳು. ಹುಡುಗಿಯರೆಲ್ಲಾ ಸುಮ್ಮನಾದರು. ನನಗೆ ತಡವಾಗಿ ಅರ್ಥವಾಯಿತು, ನಾಚಿಕೆಯೂ ಆಯಿತು. ಆಗ ಮೇಡಂ, “ಇದು ನಾಚಿಕೆಪಡುವ ವಿಷಯ ಅಲ್ಲ ಕಣಮ್ಮ. ಮನವಿಯ ಜೀವವೇ ಅದು. ಅದನ್ನೇ ಮುಚ್ಚಿಟ್ಟರೆ ಅವರಿಗೆ ಹೇಗೆ ಗೊತ್ತಾಗಬೇಕು?” ಅಂದರು.

ಮಾರನೇ ದಿನ ಅವಳು ತಿದ್ದಿ ತಂದಳು: ‘ಮುಟ್ಟಿನ ದಿನಗಳಲ್ಲಿ ಇಲ್ಲಿ ನೀರಿಲ್ಲದ ಕಾರಣ ನಾವು ಶಾಲೆ ತಪ್ಪಿಸುತ್ತೇವೆ. ಆ ದಿನದ ಪಾಠ ನಮಗೆ ಮತ್ತೆ ಸಿಗುವುದಿಲ್ಲ.’ ಇಡೀ ಪ್ರಬಂಧದಲ್ಲಿ ಇದಕ್ಕಿಂತ ಬಲವಾದ ಮಾತಿಲ್ಲ. ಒಂದೂ ಅಲಂಕಾರ ಇಲ್ಲ.

ನನ್ನ ತೀರ್ಮಾನ

ನನ್ನ ಪ್ರಬಂಧಕ್ಕೇ ಕೈ ಎತ್ತಬೇಕು ಅಂತ ಮೊದಲು ಅಂದುಕೊಂಡಿದ್ದೆ. ಆದರೆ ಎತ್ತಿದ್ದು ಮೂರನೆಯದಕ್ಕೆ. ಮೊದಲನೆಯವನ ಕಣ್ಣಿಗೆ ಕಟ್ಟುವ ಆರಂಭ, ನನ್ನ ಕಾಯ್ದೆಯ ಆಧಾರ (ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ ಬೇಕೆಂದೂ ಅದರಲ್ಲಿದೆ), ಅವಳ ಎಣಿಕೆ, ಮೂರನ್ನೂ ಸೇರಿಸಿ ಈಗ ಒಂದೇ ಮನವಿ ಮಾಡುತ್ತಿದ್ದೇವೆ. ಓದುವವಳು ಅವಳೇ.

‘ನೀರು ಸಾಲದು’ ಎಂದರೆ ಏನು ಹೇಳಬೇಕು ಎಂಬುದಕ್ಕೆ ಮಾತ್ರ ಒಳ್ಳೆಯ ಉತ್ತರ ಇನ್ನೂ ಸಿಕ್ಕಿಲ್ಲ. ನಿಮಗೆ ಹೊಳೆದರೆ ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗೆ ಕಟ್ಟಿರುವ ಡಬ್ಬಿಗೆ ಹಾಕಿ. ಗುರುವಾರದೊಳಗೆ ಹಾಕಿ, ಶುಕ್ರವಾರ ಸಭೆ.

– ಎಂಟನೇ ತರಗತಿಯ ವಿದ್ಯಾರ್ಥಿ