ಬೀದಿ ನೋಡಿ ಪಳಗಿದ ಕಣ್ಣು

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

 

ಹೋದ ಭಾನುವಾರ ನಿನ್ನ ಅಪ್ಪ ಫೋನ್ ಮಾಡಿ ಬಹಳ ಬೇಸರ ಮಾಡಿಕೊಂಡ. ಮೊದಲು ಸ್ಕೇಟ್‌ಬೋರ್ಡ್ ಹಿಡಿದು ಕೈ ಮುರಿದುಕೊಂಡೆ, ಆಮೇಲೆ ನಾಟಕ, ಕಿರುಚಿತ್ರ ಅಂತ ತಿರುಗಿದೆ, ಈಗ ಟೆಕ್ಸಸ್‌ನ ಡೆಂಟನ್‌ನಲ್ಲಿ ಓದುತ್ತಾ ಓದುತ್ತಾ ಹಳೆಯ ರೀಲಿನ ಕ್ಯಾಮೆರಾ ಕೊಂಡಿದ್ದೀಯಂತೆ. "ಯಾವುದರಲ್ಲೂ ನೆಲೆ ನಿಲ್ಲೋದಿಲ್ಲ ಅಣ್ಣ, ನೀನಾದರೂ ಬುದ್ಧಿ ಹೇಳು" ಅಂದ. ಸ್ಟುಡಿಯೊದಲ್ಲಿ ಜೀವ ಸವೆಸಿದವನ ಹತ್ತಿರ ಕ್ಯಾಮೆರಾ ಬಿಡಿಸು ಅಂತ ಕೇಳಿದರೆ ನಾನು ಏನು ಹೇಳಲಿ? ಅದಕ್ಕೇ ನಿನಗೆ ಒಬ್ಬ ಮನುಷ್ಯನ ವಿಷಯ ಬರೆಯುತ್ತಿದ್ದೇನೆ. ನೀನಿರುವ ಊರಿನಲ್ಲೇ ಕೆಲವು ವರ್ಷ ಮನೆ ಮಾಡಿಕೊಂಡಿದ್ದವನು ಆತ.

ಜೇಸನ್ ಲೀ. ನಿಮ್ಮ ಗುಂಪಿನ ಹುಡುಗರಿಗೆಲ್ಲ ಈ ಹೆಸರು ಗೊತ್ತಿರುತ್ತದೆ. 1970ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಹುಟ್ಟಿ, ಹಂಟಿಂಗ್ಟನ್ ಬೀಚ್‌ನಲ್ಲಿ ಬೆಳೆದವನು. ಸ್ಕೇಟ್‌ಬೋರ್ಡಿನ ಹಲಗೆಯನ್ನು ಗಾಳಿಯಲ್ಲಿ ಸುತ್ತು ತಿರುಗಿಸಿ, ಮಗುಚಿ, ಮತ್ತೆ ಕಾಲಡಿಗೆ ತಂದುಕೊಳ್ಳುವ ಆ ತ್ರೀ-ಸಿಕ್ಸ್ಟಿ ಫ್ಲಿಪ್ ಇದೆಯಲ್ಲ, ಅದನ್ನು ಈತನಷ್ಟು ಸಲೀಸಾಗಿ ಮಾಡಿದವರು ಕಡಿಮೆ ಅಂತ ಈಗಲೂ ಹೇಳುತ್ತಾರೆ. 1991ರಲ್ಲಿ ಬ್ಲೈಂಡ್ ಎಂಬ ಸ್ಕೇಟ್‌ಬೋರ್ಡ್ ಕಂಪನಿ 'ವಿಡಿಯೋ ಡೇಸ್' ಎಂಬ ಚಿತ್ರಿಕೆ ಹೊರತಂದಾಗ ಈತನ ಹೆಸರು ಎಲ್ಲೆಡೆ ಹಬ್ಬಿತು. ಅದನ್ನು ತೆಗೆದವನು ಸ್ಪೈಕ್ ಜೋನ್ಸ್. ಆಗ ಸೈಕಲ್ಲು, ಸ್ಕೇಟ್‌ಬೋರ್ಡುಗಳ ಪತ್ರಿಕೆಗಳಿಗೆ ಫೋಟೊ ತೆಗೆಯುತ್ತಿದ್ದ ಹುಡುಗ, ಮುಂದೆ ಆಸ್ಕರ್ ಗೆದ್ದ.

ಮರು ವರ್ಷವೇ, 1992ರಲ್ಲಿ, ಗೆಳೆಯ ಕ್ರಿಸ್ ಪಾಸ್ಟ್ರಾಸ್ ಜತೆ ಸೇರಿ ಲೀ 'ಸ್ಟೀರಿಯೊ' ಎಂಬ ತನ್ನದೇ ಸ್ಕೇಟ್‌ಬೋರ್ಡ್ ಕಂಪನಿ ಕಟ್ಟಿದ. ಅವರ ಚಿತ್ರಿಕೆ 'ಎ ವಿಷುವಲ್ ಸೌಂಡ್' 1994ರಲ್ಲಿ ಬಂತು. ನಿನಗೆ ಸಿಕ್ಕರೆ ದಯವಿಟ್ಟು ನೋಡು. ಎಲ್ಲರೂ ವಿಡಿಯೊ ಕ್ಯಾಮೆರಾ ಹಿಡಿದಿದ್ದ ಕಾಲದಲ್ಲಿ ಇವರು ಸೂಪರ್ 8 ರೀಲನ್ನೂ ಬಳಸಿದರು, ಹಿನ್ನೆಲೆಗೆ ಜಾಜ್ ಸಂಗೀತ ಹಾಕಿದರು. ಕಸರತ್ತಿನ ನಡುನಡುವೆ ಬೀದಿಯೂ ಬೆಳಕೂ ಸುಮ್ಮನೆ ಬಂದು ಹೋಗುತ್ತವೆ. ಕ್ಯಾಮೆರಾ ಕೈಗೆ ಬರುವ ಎಷ್ಟೋ ಮೊದಲೇ ರೀಲಿನ ಬಣ್ಣದ ರುಚಿ ಈತನಿಗೆ ಹತ್ತಿತ್ತು.

ನಟನೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ನಿನಗೇ ಹೆಚ್ಚು ಗೊತ್ತಿರುತ್ತದೆ. 1995ರಲ್ಲಿ ನಿರ್ದೇಶಕ ಕೆವಿನ್ ಸ್ಮಿತ್ ತನ್ನ 'ಮಾಲ್‌ರ್‍ಯಾಟ್ಸ್' ಚಿತ್ರಕ್ಕೆ ಕರೆದ. ಚಿತ್ರ ಓಡಲಿಲ್ಲ, ನಟ ಉಳಿದ. 'ಚೇಸಿಂಗ್ ಏಮಿ'ಗೆ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿ ಬಂತು, 'ಆಲ್ಮೋಸ್ಟ್ ಫೇಮಸ್' ಬಂತು, 'ದಿ ಇನ್‌ಕ್ರೆಡಿಬಲ್ಸ್'ನಲ್ಲಿ ಖಳನಿಗೆ ದನಿ ಕೊಟ್ಟ. 2005ರಿಂದ 2009ರವರೆಗೆ 'ಮೈ ನೇಮ್ ಈಸ್ ಅರ್ಲ್' ಧಾರಾವಾಹಿಯ ನಾಯಕ. ಒಬ್ಬ ಚಿಲ್ಲರೆ ಕಳ್ಳ ಟಿವಿಯಲ್ಲಿ ಕರ್ಮದ ಮಾತು ಕೇಳಿ, ತಾನು ಮಾಡಿದ ತಪ್ಪುಗಳ ಪಟ್ಟಿ ಬರೆದುಕೊಂಡು ಒಂದೊಂದನ್ನೇ ಸರಿಪಡಿಸಲು ಹೊರಡುವ ಕತೆ. ನಿನ್ನ ದೊಡ್ಡಮ್ಮನಿಗೆ ಇದನ್ನು ಹೇಳಿದೆ, "ಅಮೆರಿಕದವರಿಗೂ ಅದು ಗೊತ್ತಾಯಿತಲ್ಲ" ಅಂದಳು.

ಈಗ ನಾನು ನಿನಗೆ ತೋರಿಸಬೇಕೆಂದಿರುವ ಜಾಗಕ್ಕೆ ಬಂದೆ. 2016ರಲ್ಲಿ 'ರಿಫ್ಯೂಯೆಲ್ಡ್' ಪತ್ರಿಕೆಯವರು ಈತನ ಇನ್‌ಸ್ಟಂಟ್ ಫಿಲ್ಮ್ ಫೋಟೊಗಳ ಪುಸ್ತಕ ತಂದರು. ಪೋಲರಾಯ್ಡ್ ಮಾದರಿಯ ಚಿತ್ರಗಳು ಅವು. ಪುಸ್ತಕದ ಹೆಸರಿನಲ್ಲೇ ಇಸವಿ ಇದೆ: 2006ರಿಂದ 2016. 2006 ಎಂದರೆ ಯಾವ ಕಾಲ ನೋಡು. ಅರ್ಲ್ ಪಾತ್ರದಿಂದ ಮನೆಮನೆಗೂ ಪರಿಚಿತನಾಗಿ, ಗೋಲ್ಡನ್ ಗ್ಲೋಬ್ ನಾಮನಿರ್ದೇಶನವೂ ಬಂದಿದ್ದ ಕಾಲ. ಅವಕಾಶ ತಪ್ಪಿದ ಮೇಲೆ ಹೊತ್ತು ಕಳೆಯಲು ಕ್ಯಾಮೆರಾ ಹಿಡಿದವನಲ್ಲ. ಹೆಸರು ನೆತ್ತಿಯ ಮೇಲಿದ್ದಾಗಲೇ ಇನ್ನೊಂದು ವಿದ್ಯೆಗೆ ವಿದ್ಯಾರ್ಥಿಯಾಗಿ ಕೂತ, ಹತ್ತು ವರ್ಷ ಕಲಿತ, ಆಮೇಲೆ ಪುಸ್ತಕ ಬಂತು. ನಿನ್ನ ಅಪ್ಪ ಇದನ್ನು ಗಮನಿಸಬೇಕು. ನೀನು ಇನ್ನೂ ಹೆಚ್ಚು ಗಮನಿಸಬೇಕು, ಯಾಕೆಂದರೆ ಮೊದಲ ರೀಲು ತೊಳೆಸಿದ ವಾರವೇ ಪ್ರದರ್ಶನದ ಮಾತು ಆಡಿದ್ದೀಯಂತೆ.

ಅದೂ ಎಂಥ ಹತ್ತು ವರ್ಷ! ಹಿಡಿದ ಸಾಮಗ್ರಿಯೇ ಕಣ್ಣೆದುರು ಕರಗಿಹೋಗುತ್ತಿದ್ದ ಕಾಲ. 2008ರಲ್ಲಿ ಪೋಲರಾಯ್ಡ್ ಕಂಪನಿ ಇನ್‌ಸ್ಟಂಟ್ ಫಿಲ್ಮ್ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ನೆದರ್ಲೆಂಡ್ಸಿನ ಎನ್‌ಷೆಡೆಯಲ್ಲಿದ್ದ ಕೊನೆಯ ಕಾರ್ಖಾನೆಯನ್ನು ಕೆಲವರು ಸೇರಿ ಉಳಿಸಿಕೊಂಡರು. 2016ರಲ್ಲಿ ಫ್ಯೂಜಿಯವರು ಎಫ್‌ಪಿ-100ಸಿ ನಿಲ್ಲಿಸಿದರು, ಅದು ಚಿತ್ರ ತೆಗೆದ ಮೇಲೆ ಕಾಗದ ಸುಲಿಯುವಂಥ ಫಿಲ್ಮು. ಉದಕಮಂಡಲದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ರೀಲು ಅಂಗಡಿಯಲ್ಲಿ ಸಿಗದಾದಾಗ ಕಸುಬಿನವರಿಗೆ ಹೇಗಾಗುತ್ತದೆ ಎಂದು ನಾನು ಬಲ್ಲೆ. ಬೇರೆಯವರು ಡಿಜಿಟಲ್ಲಿಗೆ ಹೋದರು. ಲೀ ಇನ್ನೂ ಹಿಂದಕ್ಕೆ ಹೋದ, ದೊಡ್ಡ ಹಾಳೆಯ ಕ್ಯಾಮೆರಾ ಹಿಡಿದ.

ನಾಲ್ಕು ಇಂಚಿಗೆ ಐದು ಇಂಚಿನ ಹಾಳೆ. ನಮ್ಮ ಸ್ಟುಡಿಯೊಗಳಲ್ಲಿ ಕಟ್ ಫಿಲ್ಮ್ ಅನ್ನುತ್ತಿದ್ದೆವು. ನಾನು ಕಸುಬು ಕಲಿತದ್ದು ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾದಲ್ಲಿ. ಮರದ ಮೈ, ಹಿತ್ತಾಳೆಯ ತಿರುಪು, ಹಿಂದೆ ಮಬ್ಬು ಗಾಜು. ಆದ್ದರಿಂದ ಲೀಯ ಈ ದೊಡ್ಡ ಕ್ಯಾಮೆರಾದ ವಿಷಯ ಓದುವಾಗ ನನಗೆ ನನ್ನ ಕೈಯೇ ನೆನಪಾಯಿತು. ಪೂರ್ತಿ ಕತ್ತಲೆಯಲ್ಲಿ ಕೂತು ಒಂದೊಂದೇ ಹಾಳೆಯನ್ನು ಹೋಲ್ಡರಿಗೆ ತುಂಬಬೇಕು. ಹಾಳೆಯ ಅಂಚಿನಲ್ಲಿ ಸಣ್ಣ ಕಚ್ಚು ಇರುತ್ತದೆ. ಹಾಳೆ ಉದ್ದುದ್ದ ಹಿಡಿದಾಗ ಆ ಕಚ್ಚು ಬಲಗಡೆಯ ಮೇಲಿನ ಮೂಲೆಯಲ್ಲಿ ಬೆರಳಿಗೆ ಸಿಕ್ಕರೆ ಮದ್ದು ಹಚ್ಚಿದ ಮುಖ ನಮ್ಮ ಕಡೆಗಿದೆ ಎಂದು ಅರ್ಥ. ಒಂದು ಹೋಲ್ಡರಿಗೆ ಎರಡೇ ಹಾಳೆ, ಮುಂದೊಂದು ಹಿಂದೊಂದು. ಸ್ಥಳಕ್ಕೆ ಹೋಗಿ ಸ್ಟ್ಯಾಂಡ್ ನಿಲ್ಲಿಸಿ, ಕರಿಬಟ್ಟೆ ತಲೆಗೆ ಹಾಕಿಕೊಂಡು ನೋಡಿದರೆ ಗಾಜಿನ ಮೇಲೆ ಜಗತ್ತು ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕಾಣುತ್ತದೆ. ಭೂತಗನ್ನಡಿ ಇಟ್ಟು ಫೋಕಸ್ ಮಾಡಬೇಕು, ಷಟರ್ ಮುಚ್ಚಬೇಕು, ಹೋಲ್ಡರ್ ಸೇರಿಸಬೇಕು, ಹಾಳೆಗೆ ಬೆಳಕು ತಾಗದಂತೆ ಮುಚ್ಚಿರುವ ತಗಡು ಎಳೆಯಬೇಕು, ಆಮೇಲೆ ಒಂದು ಕ್ಲಿಕ್. ತಗಡನ್ನು ಮತ್ತೆ ತೂರಿಸುವಾಗ ಕಪ್ಪು ಅಂಚು ಹೊರಗೆ ಬರಬೇಕು. ತೆಗೆದಾಗಿದೆ ಎಂಬುದಕ್ಕೆ ಅದೇ ಗುರುತು. ಅಷ್ಟೆಲ್ಲ ಆದ ಮೇಲೆ ಕೈಯಲ್ಲಿರುವುದು ಒಂದು ಚಿತ್ರ. ನಿನ್ನ ಫೋನಿನಲ್ಲಿ ಅಷ್ಟು ಹೊತ್ತಿಗೆ ಇನ್ನೂರು ಆಗಿರುತ್ತವೆ.

ಕಣ್ಣು ಮಿಟುಕಿಸುವುದರೊಳಗೆ ಹಲಗೆ ತಿರುಗಿಸುತ್ತಿದ್ದವನು ಇಷ್ಟು ನಿಧಾನದ ಕೆಲಸಕ್ಕೆ ಹೇಗೆ ಒಗ್ಗಿದ ಅಂತ ನೀನು ಕೇಳಬಹುದು. ನನಗೆ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ. ಒಂದು ಟ್ರಿಕ್ಕಿಗಾಗಿ ನೀನು ಬೆಳಗಿಂದ ಸಂಜೆವರೆಗೆ ಅದೇ ಮೆಟ್ಟಿಲಿನ ಹತ್ತಿರ ಬಿದ್ದು ಎದ್ದದ್ದನ್ನು ನಾನೇ ನೋಡಿದ್ದೇನೆ. ಅಷ್ಟೇ ಅಲ್ಲ, ಬೀದಿಯನ್ನು ನಿಮ್ಮಷ್ಟು ಹತ್ತಿರದಿಂದ ಯಾರು ನೋಡುತ್ತಾರೆ? ನಮಗೆ ಫುಟ್‌ಪಾತ್ ಅಂದರೆ ಫುಟ್‌ಪಾತ್. ನಿಮಗೆ ಅದರ ಅಂಚಿನ ಎತ್ತರ, ಕಾಂಕ್ರೀಟಿನ ನುಣುಪು, ಎಲ್ಲಿ ಬಿರುಕು, ಯಾವ ಅಂಗಡಿಯ ಹಿಂದೆ ಖಾಲಿ ಅಂಗಳ, ಎಷ್ಟು ಹೊತ್ತಿಗೆ ಅಲ್ಲಿ ಜನ ಇರುವುದಿಲ್ಲ, ಎಲ್ಲ ಲೆಕ್ಕ ಇರುತ್ತದೆ. ಬೇರೆಯವರು ಕಣ್ಣೆತ್ತಿಯೂ ನೋಡದ ಜಾಗ ನಿಮಗೆ ಬೇಕಾದ ಜಾಗ. ಅದೇ ಹಂಟಿಂಗ್ಟನ್ ಬೀಚ್‌ನ ಎಡ್ ಟೆಂಪಲ್‌ಟನ್ ಕೂಡ ಸ್ಕೇಟರ್ ಆಗಿದ್ದವನು, ಇವತ್ತು ಬೀದಿಯ ಫೋಟೊಗಳಿಗೆ ದೊಡ್ಡ ಹೆಸರು. ಇದು ಕಾಕತಾಳೀಯ ಅಂತ ನಾನು ನಂಬುವುದಿಲ್ಲ.

ಲೀ ಟೆಕ್ಸಸ್‌ನಲ್ಲಿ ಕಾರು ಹತ್ತಿ ಹೊರಟು ಹಾಳೆಗಟ್ಟಲೆ ಬಣ್ಣದ ಫಿಲ್ಮಿನಲ್ಲಿ ತೆಗೆದ ಚಿತ್ರಗಳು 2018ರಲ್ಲಿ 'ಎ ಪ್ಲೇನ್ ವ್ಯೂ' ಪುಸ್ತಕವಾದವು. ಮುಚ್ಚಿದ ಪೆಟ್ರೋಲ್ ಬಂಕು, ಬಣ್ಣ ಮಾಸಿದ ಅಂಗಡಿಯ ಗೋಡೆ, ಬರಿದಾದ ಪಾರ್ಕಿಂಗ್ ಜಾಗ, ಎಲ್ಲದರ ಮೇಲೆ ದೊಡ್ಡ ಆಕಾಶ. ಮನುಷ್ಯರು ಅಪರೂಪ. ಮನುಷ್ಯರು ಕಟ್ಟಿ ಬಿಟ್ಟುಹೋದದ್ದು ಮಾತ್ರ ತುಂಬಾ ಇದೆ. ನನ್ನ ಕಣ್ಣಿಗೆ ಅದು ಸ್ಕೇಟರನೊಬ್ಬ ಹುಡುಕಿದ ಜಾಗಗಳ ಪಟ್ಟಿಯೇ. ಆಮೇಲೆ ಟಲ್ಸಾದ ಫಿಲ್‌ಬ್ರೂಕ್ ಮ್ಯೂಸಿಯಂ ಈತನ ಓಕ್ಲಹೋಮಾದ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಿತು.

ಇದರಲ್ಲಿ ಹೊಸದೇನು ಅಂತ ಕೇಳುವವರಿದ್ದಾರೆ, ಅದು ನ್ಯಾಯವಾದ ಪ್ರಶ್ನೆ. ಡೊರೊಥಿಯಾ ಲ್ಯಾಂಗ್ 1938ರಲ್ಲೇ ಟೆಕ್ಸಸ್‌ನ ಚಿಲ್ಡ್ರೆಸ್ ಕೌಂಟಿಯಲ್ಲಿ ಟ್ರ್ಯಾಕ್ಟರು ಬಂದು ಒಕ್ಕಲು ಎದ್ದುಹೋದ ಮನೆಯನ್ನು, ಅದರ ಬಾಗಿಲವರೆಗೂ ಉತ್ತ ಸಾಲುಗಳನ್ನು ತೆಗೆದಿದ್ದಾಳೆ. 1975ರಲ್ಲಿ ರೋಚೆಸ್ಟರಿನಲ್ಲಿ 'ನ್ಯೂ ಟೊಪೊಗ್ರಾಫಿಕ್ಸ್' ಪ್ರದರ್ಶನ ನಡೆಯಿತು. ರಾಬರ್ಟ್ ಆಡಮ್ಸ್, ಲೂಯಿಸ್ ಬಾಲ್ಟ್ಸ್, ಸ್ಟೀಫನ್ ಶೋರ್ ಮೊದಲಾದವರು ಮನುಷ್ಯ ಬದಲಿಸಿದ ನೆಲವನ್ನು ಅಬ್ಬರವಿಲ್ಲದೆ ತೋರಿಸಿದರು. ಅವರಲ್ಲಿ ಬಣ್ಣದಲ್ಲಿ ತೆಗೆದವನು ಶೋರ್ ಒಬ್ಬನೇ. ಶೋರನ ಋಣ ಲೀಯ ಚಿತ್ರಗಳಲ್ಲಿ ಢಾಳಾಗಿ ಕಾಣುತ್ತದೆ, ಕೆಲವು ಕಡೆ ಅತಿಯಾಗಿಯೂ. ಹಾಗಿದ್ದರೂ ನಾನು ಲೀಯ ಪರ. ನಮ್ಮ ಸಂಗೀತದಲ್ಲಿ ಶಿಷ್ಯ ಎಷ್ಟೋ ವರ್ಷ ಗುರುವಿನ ಬಾನಿಯಲ್ಲೇ ಹಾಡುವುದಿಲ್ಲವೆ? ತನ್ನ ದನಿ ಅದರೊಳಗಿಂದಲೇ ಬರಬೇಕು. ಮುಖ್ಯವಾಗಿ, ತನ್ನ ಮುಖಕ್ಕಿದ್ದ ಬೆಲೆಯನ್ನು ಈತ ಚಿತ್ರಗಳಿಗೆ ಅಂಟಿಸಲಿಲ್ಲ. ಸಿನಿಮಾ ಗೆಳೆಯರ ಮುಖಗಳನ್ನು ಮುಂದಿಟ್ಟು ಪುಸ್ತಕ ಮಾಡಿದ್ದರೆ ಕೊಳ್ಳುವವರು ಹೆಚ್ಚಿರುತ್ತಿದ್ದರು. ನಟ ಜೆಫ್ ಬ್ರಿಜಸ್ ವೈಡ್‌ಲಕ್ಸ್ ಕ್ಯಾಮೆರಾದಲ್ಲಿ ಸೆಟ್ಟಿನ ಒಳಗಿನ ಲೋಕ ತೆಗೆದು 2003ರಲ್ಲಿ ಸೊಗಸಾದ ಪುಸ್ತಕ ಮಾಡಿದ, ಅದೂ ಪ್ರಾಮಾಣಿಕ ಕೆಲಸವೇ. ಲೀ ಆರಿಸಿಕೊಂಡದ್ದು ಯಾರೂ ಗುರುತು ಹಿಡಿಯದ ಊರುಗಳನ್ನು.

ಪುಟ್ಟಾ, ಈಗ ನಿನ್ನ ಕ್ಯಾಮೆರಾದ ಮಾತು. ದೊಡ್ಡ ಹಾಳೆಯ ಕ್ಯಾಮೆರಾ ಈಗಲೇ ಕೊಳ್ಳಬೇಡ. ಸಿಕ್ಕಿರುವುದರಲ್ಲೇ ಒಂದು ಲೆನ್ಸ್ ಇಟ್ಟುಕೊಂಡು ವರ್ಷ ದೂಡು. ಅವಧಿ ಮೀರಿದ ಫಿಲ್ಮಿನ ಹುಚ್ಚು ಈಗ ಎಲ್ಲ ಕಡೆ ಇದೆ, ಮಾಸಿದ ಬಣ್ಣ ಚೆಂದ ಕಾಣುತ್ತದೆ ನಿಜ, ಆದರೆ ಕಲಿಯುವವನಿಗೆ ತಪ್ಪು ತನ್ನದೋ ಫಿಲ್ಮಿನದೋ ಎಂದು ತಿಳಿಯದೆ ಹೋಗುತ್ತದೆ. ಮೊದಲು ಹೊಸ ಕಪ್ಪುಬಿಳುಪು ರೀಲು ಹಾಕು, ನಿನ್ನ ಕೈಯಾರೆ ತೊಳೆ. ಬಣ್ಣದ ಫಿಲ್ಮಿಗೆ ಡೆವಲಪರ್ 38 ಡಿಗ್ರಿಯ ಆಸುಪಾಸಿನಲ್ಲಿ ಕದಲದೆ ನಿಲ್ಲಬೇಕು. ಅದು ಆಮೇಲೆ ಕಲಿತರಾಯಿತು. ಊರಿನ ನಡುವಿನ ಹಳೆಯ ಕೋರ್ಟ್‌ಹೌಸ್ ಎಲ್ಲರೂ ತೆಗೆಯುತ್ತಾರೆ, ನೀನೂ ಒಂದು ತೆಗೆದು ಅಮ್ಮನಿಗೆ ಕಳಿಸು. ಆಮೇಲೆ ಚೌಕ ಬಿಟ್ಟು ನೀನು ಹಲಗೆ ಓಡಿಸುವ ಗಲ್ಲಿಗಳಿಗೆ ಹೋಗು. ಅವುಗಳ ಗೋಡೆ, ನೆಲ, ಬೆಳಕು ನಿನಗೆ ಗೊತ್ತಿರುವಷ್ಟು ಬೇರೆ ಯಾವ ಫೋಟೊಗ್ರಾಫರನಿಗೂ ಗೊತ್ತಿಲ್ಲ. ಹಲಗೆ ಬಿಟ್ಟೆ, ನಾಟಕ ಬಿಟ್ಟೆ ಅಂತ ಯಾರಿಗೂ ಹೇಳಬೇಡ. ಅಲ್ಲಿ ಕಲಿತದ್ದು ಏನೂ ವ್ಯರ್ಥವಾಗಿಲ್ಲ.

ನಿನ್ನ ಅಪ್ಪನಿಗೆ ನಾನು ಹೇಳುತ್ತೇನೆ, ಆ ಚಿಂತೆ ನಿನಗೆ ಬೇಡ. ಪರೀಕ್ಷೆ ಮಾತ್ರ ತಪ್ಪಿಸಬೇಡ. ಮುಂದಿನ ರೀಲು ತೊಳೆದ ಮೇಲೆ ಚೆನ್ನಾಗಿ ಬಂದ ಎರಡು ಮೂರನ್ನು ಆರಿಸಿ ಕಳಿಸುವುದು ಬೇಡ. ಮೂವತ್ತಾರೂ ಇರುವ ಕಾಂಟ್ಯಾಕ್ಟ್ ಶೀಟ್ ಕಳಿಸು. ಕೂತು ನೋಡಿ, ಒಂದೊಂದರ ಬಗ್ಗೆಯೂ ಬರೆಯುತ್ತೇನೆ.

ಇಂತು ನಿನ್ನ ಪ್ರೀತಿಯ
ದೊಡ್ಡಪ್ಪ