ದೂರದರ್ಶನ ಪ್ರಸಾರ: ಕಂಪನಾಂಕಗಳ ಹಂಚಿಕೆ

1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕ ದೂರದರ್ಶನ ಪ್ರಸಾರ ಆರಂಭವಾದಾಗ ದೇಶದಲ್ಲಿ ಬೇರೆ ಕೇಂದ್ರವೇ ಇರಲಿಲ್ಲ. ಆದುದರಿಂದ ಒಂದು ಕೇಂದ್ರದ ಪ್ರಸಾರವು ಮತ್ತೊಂದಕ್ಕೆ ಅಡ್ಡಿಯಾಗುವ ಪ್ರಶ್ನೆಯೂ ಇರಲಿಲ್ಲ. 1972ರಲ್ಲಿ ಮುಂಬಯಿ ಕೇಂದ್ರ, 1973ರಲ್ಲಿ ಪುಣೆಯ ಸಿಂಹಗಡದ ಮರುಪ್ರಸಾರ ಕೇಂದ್ರ ಆರಂಭವಾದವು. 1980ರ ದಶಕದಲ್ಲಿ ಅಲ್ಪಶಕ್ತಿಯ ಟ್ರಾನ್ಸ್‌ಮಿಟರುಗಳು ಊರೂರಿಗೂ ಬಂದವು. ಆಗ ಯಾವ ಊರಿಗೆ ಯಾವ ಚಾನೆಲ್ ಕೊಡಬೇಕೆಂಬುದೇ ಒಂದು ಶಾಸ್ತ್ರವಾಯಿತು.

ಲಭ್ಯವಿದ್ದ ಸಂಪತ್ತು

ಭಾರತದ ಅನಲಾಗ್ ಪದ್ಧತಿಯಲ್ಲಿ ವಿ.ಎಚ್.ಎಫ್. ವಲಯದ ಪ್ರತಿ ಚಾನೆಲಿಗೆ 7 ಮೆಗಾಹರ್ಟ್ಸ್ ಅಗಲದ ಪಟ್ಟಿ ಬೇಕಾಗಿತ್ತು. 47ರಿಂದ 68 ಮೆಗಾಹರ್ಟ್ಸ್‌ವರೆಗೆ 2, 3 ಮತ್ತು 4ನೆಯ ಚಾನೆಲುಗಳು. 174ರಿಂದ 230ರವರೆಗೆ 5ರಿಂದ 12ರ ಚಾನೆಲುಗಳು. ಹೀಗೆ ವಿಶಾಲವಾದ ದೇಶಕ್ಕೆ ಈ ವಲಯದಲ್ಲಿ ದೊರೆತವು 11 ಮಾತ್ರ. ಇವು ಸಾಲದಾದೆಡೆ 470 ಮೆಗಾಹರ್ಟ್ಸ್‌ಗೆ ಮೇಲ್ಪಟ್ಟ ಯು.ಎಚ್.ಎಫ್. ವಲಯವನ್ನು ಆಶ್ರಯಿಸಬೇಕಾಗಿತ್ತು.

ಒಂದೇ ಊರಿನಲ್ಲಿ ಪಕ್ಕಪಕ್ಕದ ಎರಡು ಪಟ್ಟಿಗಳನ್ನು ಬಳಸಿದರೆ ಒಂದರ ಧ್ವನಿ ಇನ್ನೊಂದರ ಚಿತ್ರವನ್ನು ಕೆಡಿಸಬಹುದು. ಆದುದರಿಂದ ನಡುವೆ ಒಂದನ್ನಾದರೂ ಬಿಡುವುದು ವಾಡಿಕೆ. ಆದರೆ 4 ಮತ್ತು 5 ಸಂಖ್ಯೆಯಲ್ಲಿ ಮಾತ್ರ ನೆರೆಯವು. ಅವುಗಳ ನಡುವಿನ ಅಂತರ 106 ಮೆಗಾಹರ್ಟ್ಸ್.

ಒಂದೇ ಚಾನೆಲ್, ಎರಡು ಊರು

ಸೀಮಿತ ಚಾನೆಲುಗಳನ್ನು ದೂರದ ಊರುಗಳಲ್ಲಿ ಮತ್ತೆ ಮತ್ತೆ ಬಳಸುವುದು ಅನಿವಾರ್ಯ. ಎರಡು ಊರುಗಳ ಸಂಕೇತಗಳು ಒಂದೇ ಆಂಟೆನಾವನ್ನು ಸೇರಿದರೆ ಪರದೆಯ ಮೇಲೆ ಅಡ್ಡಪಟ್ಟೆಗಳು ಹಾಯುತ್ತವೆ. ಚಿತ್ರ ಶುದ್ಧವಾಗಿರಬೇಕಾದರೆ ಬೇಕಾದ ಸಂಕೇತವು ಬೇಡದ ಸಂಕೇತಕ್ಕಿಂತ ಸುಮಾರು 45 ಡೆಸಿಬೆಲ್, ಅಂದರೆ ವೋಲ್ಟೇಜಿನಲ್ಲಿ ಸುಮಾರು 178 ಪಟ್ಟು, ಪ್ರಬಲವಾಗಿರಬೇಕು.

ಈ ಕಟ್ಟುನಿಟ್ಟನ್ನು ಸಡಿಲಿಸಲು ತಂತ್ರಜ್ಞರು ಒಂದು ಉಪಾಯವನ್ನು ಬಳಸಿದರು. ಸೆಕೆಂಡಿಗೆ 25 ಚಿತ್ರ, ಚಿತ್ರಕ್ಕೆ 625 ಗೆರೆ. ಒಟ್ಟು 15,625 ಗೆರೆಗಳು. ಒಂದು ಕೇಂದ್ರದ ಚಿತ್ರವಾಹಕ ತರಂಗವನ್ನು ಇದರ ಮೂರನೆಯ ಎರಡು ಭಾಗದಷ್ಟು, ಎಂದರೆ ಸುಮಾರು 10.4 ಕಿಲೋಹರ್ಟ್ಸ್, ಸರಿಸಿದರೆ ಅಡ್ಡಪಟ್ಟೆಗಳು ಅತಿ ಸೂಕ್ಷ್ಮವಾಗಿ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಆಗ ಸುಮಾರು 30 ಡೆಸಿಬೆಲ್, ಅಂದರೆ 32 ಪಟ್ಟು ಪ್ರಾಬಲ್ಯವಿದ್ದರೂ ಸಾಕು. ವೀಕ್ಷಕನು ತನ್ನ ಸೆಟ್ಟಿನಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ.

ಲೆಕ್ಕ ಎಷ್ಟೇ ಸರಿಯಾದರೂ ಹವೆ ಅದನ್ನು ತಪ್ಪಿಸಬಲ್ಲದು. ತಂಪಾದ ತೇವದ ಗಾಳಿಯ ಮೇಲೆ ಬಿಸಿಯಾದ ಒಣ ಗಾಳಿ ನಿಂತಾಗ ತರಂಗಗಳು ಬಾಗಿ ನೂರಾರು ಕಿಲೋಮೀಟರ್ ಸಾಗುತ್ತವೆ. ಸಮುದ್ರದ ಮೇಲೆ ಇದು ಹೆಚ್ಚು. ಆದುದರಿಂದ ಕರಾವಳಿಯ ನಗರಗಳಿಗೆ ಯೋಜನೆ ಮಾಡುವಾಗ ಸಾಮಾನ್ಯ ದಿನವನ್ನಷ್ಟೇ ಅಲ್ಲ, ಅಪರೂಪದ ಗಳಿಗೆಯನ್ನೂ ಗಣನೆಗೆ ತೆಗೆದುಕೊಳ್ಳಲಾಗುತ್ತಿತ್ತು.

ತಪ್ಪಿನ ಬೆಲೆ

ಹಂಚಿಕೆಯಲ್ಲಿ ತಪ್ಪಾದರೆ ತಿದ್ದುವುದು ಸುಲಭವಲ್ಲ. ಮನೆಯ ಮೇಲಿನ ಆಂಟೆನಾದ ಮುಖ್ಯ ಕಡ್ಡಿಯ ಉದ್ದವು ತರಂಗದ ಸುಮಾರು ಅರ್ಧದಷ್ಟು. 4ನೆಯ ಚಾನೆಲಿಗೆ ಇದು ಸುಮಾರು 2.3 ಮೀಟರ್; 200 ಮೆಗಾಹರ್ಟ್ಸ್‌ಗೆ ಮುಕ್ಕಾಲು ಮೀಟರ್; 500ಕ್ಕೆ 30 ಸೆಂಟಿಮೀಟರ್. ಕೇಂದ್ರವು ಒಂದು ವಲಯದಿಂದ ಇನ್ನೊಂದಕ್ಕೆ ಸರಿದರೆ ಟ್ರಾನ್ಸ್‌ಮಿಟರಿನ ವೆಚ್ಚ ಸರಕಾರದ್ದು; ಆದರೆ ಮನೆಮನೆಯ ಆಂಟೆನಾದ ವೆಚ್ಚ ವೀಕ್ಷಕನದು. ಸಾಲ ಮಾಡಿ ಸೆಟ್ಟು ಕೊಂಡ ಕುಟುಂಬಕ್ಕೆ ಇದು ಹಗುರವಾದ ಹೊರೆಯಾಗಿರಲಿಲ್ಲ.

ದೂರದರ್ಶನದ ಬಹುತೇಕ ಅನಲಾಗ್ ಟ್ರಾನ್ಸ್‌ಮಿಟರುಗಳ ಸೇವೆ 2022ರ ವೇಳೆಗೆ ಮುಕ್ತಾಯವಾಯಿತು. ಆದರೂ ಪಾಠ ಹಳತಾಗಿಲ್ಲ. ಎಫ್.ಎಂ. ರೇಡಿಯೋ ಮತ್ತು ಮೊಬೈಲ್ ದೂರವಾಣಿಗಳಿಗೂ ಕಂಪನಾಂಕಗಳು ಮಿತವಾಗಿಯೇ ಇವೆ. ಕಣ್ಣಿಗೆ ಕಾಣದ ಈ ಸಂಪತ್ತು ಬಳಸಿದರೆ ಸವೆಯುವುದಿಲ್ಲ. ಆದರೆ ಹಂಚಿಕೆ ತಪ್ಪಿದರೆ ಯಾರಿಗೂ ದಕ್ಕುವುದಿಲ್ಲ.