ಕಣಶಿಲಾ ಪದರಗಳ ನಾಮಕರಣ: ನೆನಪಿಡಬೇಕಾದ ಅಂಶಗಳು

1. ಬುಡಮೇಲಾಗದ ಕಣಶಿಲೆಗಳಲ್ಲಿ ಕೆಳಗಿನ ಪದರವೇ ಹಳೆಯದೆಂಬ ಸೂಪರ್‌ಪೊಸಿಷನ್ ನಿಯಮವನ್ನು ನಿಕೋಲಸ್ ಸ್ಟೆನೋ 1669ರಲ್ಲಿ ಮಂಡಿಸಿದನು.

2. ಶಿಲೆಯ ಗುಣವನ್ನು ಆಧರಿಸಿದ ಘಟಕಗಳ ಇಳಿಕೆ ಕ್ರಮ: ಸೂಪರ್‌ಗ್ರೂಪ್, ಗ್ರೂಪ್, ಫಾರ್ಮೇಶನ್, ಮೆಂಬರ್, ಬೆಡ್. ನಕ್ಷೆಯಲ್ಲಿ ಗುರುತಿಸಬಲ್ಲ ಫಾರ್ಮೇಶನ್ ಮೂಲ ಘಟಕವಾಗಿದ್ದು, ಅದಕ್ಕೆ ಸಾಮಾನ್ಯವಾಗಿ ಸ್ಥಳನಾಮವನ್ನೇ ಇಡಲಾಗುತ್ತದೆ.

3. ಕಲಾದಗಿ ಸೂಪರ್‌ಗ್ರೂಪ್‌ನಲ್ಲಿ ಮಡಿಕೆಬಿದ್ದ ಹಳೆಯ ಬಾಗಲಕೋಟೆ ಗ್ರೂಪ್‌ನ ಮೇಲೆ ಬಹುತೇಕ ಸಮತಲವಾಗಿ ಬಾದಾಮಿ ಗ್ರೂಪ್ ಹರಡಿದ್ದು, ಇವೆರಡರ ನಡುವೆ ದಾಖಲೆಯೇ ಉಳಿಯದ ಕಾಲವನ್ನು ಸೂಚಿಸುವ ಮೇಲ್ಮೈಗೆ ಅಸಂಗತಿ ಎಂದು ಹೆಸರು. ಬಾದಾಮಿಯ ಗುಹಾಲಯಗಳನ್ನು ಕೊರೆದ ಕೆಂಪು ಮರಳುಗಲ್ಲಿನಲ್ಲಿ ಓರೆಯಾಗಿ ಹಾಯುವ ಗೆರೆಗಳು, ಮರಳನ್ನು ತಂದು ಹಾಕಿದ ಪ್ರವಾಹದ ದಿಕ್ಕನ್ನು ಇಂದಿಗೂ ತೋರಿಸುತ್ತವೆ.

4. ಪರೀಕ್ಷೆಯಲ್ಲಿ ಅಂಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ: ಪೀರಿಯಡ್ ಎಂದರೆ ಕಾಲಾವಧಿ, ಸಿಸ್ಟಮ್ ಎಂದರೆ ಆ ಅವಧಿಯಲ್ಲಿ ರೂಪುಗೊಂಡ ಶಿಲಾಸಮೂಹ, ಇಪಾಕ್‌ಗೆ ಸೀರೀಸ್, ಏಜ್‌ಗೆ ಸ್ಟೇಜ್ ಜೋಡಿ.